ಪದಚರ್ಚೆ: ಬೇಸ್‌ಬಾಲ್‌ನ ‘ಬ್ರೇಕೌಟ್ ಪ್ರಾಸ್ಪೆಕ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಇಲ್ಲಿನ ಕನ್ನಡ ಕೂಟದ ಪತ್ರಿಕೆಗೆ ಅಮೆರಿಕದ ಬೇಸ್‌ಬಾಲ್ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ‘ಬ್ರೇಕೌಟ್ ಪ್ರಾಸ್ಪೆಕ್ಟ್’ ಅನ್ನುವ ಕಡೆ ಪೆನ್ನು ನಿಂತಿದೆ. ಹೆಚ್ಚು ಜನರ ಕಣ್ಣಿಗೆ ಬೀಳದೆ ಇದ್ದು, ಒಮ್ಮೆಲೇ ಮೇಲೆದ್ದು ಕಾಣುವ ಎಳೆಯ ಆಟಗಾರ ಅಂತ ಅದರ ಅರ್ಥ. ‘ಉದಯೋನ್ಮುಖ ಆಟಗಾರ’ ಇದೆಯಲ್ಲ, ಸಾಕಲ್ವಾ ಅಂತ ಕೇಳಬಹುದು. ನನಗೆ ಸಾಲದು ಅನ್ನಿಸುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ. ಅಲ್ಲಿನ ಎಲ್ಲಕ್ಕಿಂತ ಮೇಲಿನ ಹಂತವಾದ ಮೇಜರ್ ಲೀಗ್‌ನ 30 ತಂಡಗಳ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಬೇರೆ ತಂಡಗಳಿವೆ. 2021ರಿಂದ ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಅಂತ ನಾಲ್ಕು ಹಂತ, ಒಟ್ಟು 120 ತಂಡ. ತೀರಾ ಹೊಸಬರ ಲೀಗ್‌ಗಳು ಅದಕ್ಕೂ ಕೆಳಗೆ. ಇದೆಲ್ಲ ಮೈನರ್ ಲೀಗ್. ನಮ್ಮಲ್ಲಿ ‘ಮೈನರ್’ ಅಂದರೆ ಹದಿನೆಂಟು ತುಂಬದವರು. ಅಲ್ಲಿ ಮೂವತ್ತು ದಾಟಿದವರೂ ಆಡುತ್ತಾರೆ. ಇದರ ಇನ್ನೊಂದು ಹೆಸರು ಫಾರ್ಮ್ ಸಿಸ್ಟಮ್. ಅದು ಹೊಲದ ಫಾರ್ಮ್. ಆದರೆ ಕನ್ನಡ ಲಿಪಿಯಲ್ಲಿ ಕ್ರಿಕೆಟಿಗನ ಫಾರ್ಮ್‌ಗೂ ಅದೇ ಅಕ್ಷರ! ‘ಫಾರ್ಮ್ ಆಟಗಾರ’ ಅಂತ ಬರೆದರೆ ಸದ್ಯ ಚೆನ್ನಾಗಿ ಆಡುತ್ತಿರುವವನು ಅಂತಲೇ ಓದುತ್ತಾರೆ. ಹಾಗಾಗಿ ‘ಕೆಳಹಂತದ ತಂಡಗಳು’ ಅಂತ ಬರೆದು ಮುಂದೆ ಹೋದೆ.

ಪ್ರಾಸ್ಪೆಕ್ಟ್ ಅಂದರೆ ಮೇಲಿನ ಲೀಗ್‌ನಲ್ಲಿ ಇನ್ನೂ ನೆಲೆಯೂರದವನು. ಅಲ್ಲಿ 130 ಅಟ್-ಬ್ಯಾಟ್ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿ) ಅಥವಾ 50 ಇನ್ನಿಂಗ್ಸ್ ಪಿಚಿಂಗ್ (ಚೆಂಡೆಸೆತ) ದಾಟಿದವನನ್ನು ಸಾಮಾನ್ಯವಾಗಿ ಆ ಪಟ್ಟಿಯಿಂದ ಬಿಡುತ್ತಾರೆ. ಇದಕ್ಕೆ ‘ಉದಯೋನ್ಮುಖ’ ಒಪ್ಪುತ್ತದೆ.

ತೊಡಕಿರುವುದು ಬ್ರೇಕೌಟ್‌ನಲ್ಲಿ. ಬ್ರೈಸ್ ಹಾರ್ಪರ್ 2010ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಎಲ್ಲರಿಗಿಂತ ಮೊದಲು ಆಯ್ಕೆಯಾದವರು. ಅವರು ಉದಯೋನ್ಮುಖರು ಹೌದು, ಆದರೆ ಈ ಮಾತು ಅವರಿಗೆ ಹೊಂದುವುದಿಲ್ಲ. ಹೊಂದುವುದು ಮೂಕಿ ಬೆಟ್ಸ್ ಅಂಥವರಿಗೆ. 2011ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಅವರನ್ನು ತೆಗೆದುಕೊಂಡಿದ್ದು ಐದನೇ ಸುತ್ತಿನಲ್ಲಿ. 2012ರಲ್ಲಿ ಬಾಸ್ಟನ್‌ನ ಕೆಳಹಂತದ ಲೋವೆಲ್ ತಂಡದಲ್ಲಿ ಇಡೀ ಸೀಸನ್ ಆಡಿ ಒಂದೂ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದಂತೆ) ಹೊಡೆಯಲಿಲ್ಲ. ಮರುವರ್ಷ ಗ್ರೀನ್‌ವಿಲ್, ಸೇಲಂ ಎರಡೂ ತಂಡ ಸೇರಿ 15. 2014ರಲ್ಲಿ ಬಾಸ್ಟನ್‌ಗೇ ಬಂದರು, 2018ರಲ್ಲಿ ಅಮೆರಿಕನ್ ಲೀಗ್‌ನ (ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದು) ಎಂವಿಪಿ, ಅಂದರೆ ಅತ್ಯಮೂಲ್ಯ ಆಟಗಾರ. ಹೋಮ್ ರನ್ ಮಾತ್ರ ಎಣಿಸಿದವರಿಗೆ 2012ರಲ್ಲಿ ಏನೂ ಕಂಡಿರಲಾರದು. ಆದರೆ ಹತ್ತೊಂಬತ್ತರ ಹುಡುಗ, ಕೆಟ್ಟ ಎಸೆತಕ್ಕೆ ಬ್ಯಾಟು ಬೀಸುತ್ತಿರಲಿಲ್ಲ, ಸ್ಟ್ರೈಕೌಟ್ (ಮೂರು ಸ್ಟ್ರೈಕ್‌ಗೆ ಔಟಾಗುವುದು) ತೀರಾ ಕಡಿಮೆ. ಇಂಥ ಹುಡುಗರನ್ನು ಮೊದಲೇ ಗುರುತಿಸುವವರು ನೋಡುವುದು ಇದನ್ನೇ: ಆ ಹಂತಕ್ಕೆ ವಯಸ್ಸೆಷ್ಟು, ಚೆಂಡು ಬ್ಯಾಟಿನಿಂದ ಎಷ್ಟು ವೇಗದಲ್ಲಿ ಸಿಡಿಯುತ್ತದೆ, ಪಿಚರ್ ಆದರೆ ಹೊಸ ಎಸೆತ ಏನಾದರೂ ಕಲಿತನಾ.

ಹಾಗಾಗಿ ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅನ್ನುವ ಗಾದೆ ಹಾರ್ಪರ್‌ಗೆ ಸರಿ, ಇಲ್ಲಿ ನಡೆಯದು. ಮೊಳಕೆ, ಚಿಗುರು ಎರಡನ್ನೂ ಬಿಟ್ಟೆ. ‘ಎಲೆಮರೆಯ ಕಾಯಿ’ ಬಹಳ ಹತ್ತಿರ ಬಂತು. ಆದರೆ ಅದನ್ನು ನಾವು ಸನ್ಮಾನದ ಭಾಷಣದಲ್ಲಿ, ಅರವತ್ತು ದಾಟಿದವರಿಗೆ ಹೇಳುವುದೇ ಜಾಸ್ತಿ. ಕಾಯಿ ಆಗಲೇ ಬಲಿತಿದೆ, ಜನ ನೋಡಿಲ್ಲ ಅಷ್ಟೇ. ಇಪ್ಪತ್ತರ ಹುಡುಗ ಇನ್ನೂ ಬಲಿತೇ ಇಲ್ಲ.

ಇನ್ನೊಂದು ಗೋಜಲು ಕಾಲದ್ದು. ‘ಬ್ರೇಕೌಟ್ ಸೀಸನ್’ ಅಂದರೆ ಆಗಿಹೋದದ್ದು. ‘ಬ್ರೇಕೌಟ್ ಪ್ರಾಸ್ಪೆಕ್ಟ್’ ಬರುವ ವರ್ಷದ ಊಹೆಯೂ ಆಗಬಹುದು. ಇಂಗ್ಲಿಷಿನಲ್ಲಿ ಒಂದೇ ಪದ ಎರಡನ್ನೂ ಹೊರುತ್ತದೆ, ನಮಗೆ ಕ್ರಿಯಾಪದ ಬೇಕೇ ಬೇಕು. ‘ಹೊಮ್ಮಿದ ವರ್ಷ’, ‘ಹೊಮ್ಮಲಿರುವ ಆಟಗಾರ’ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ‘ಹೊಮ್ಮುಗ’ ಅಂತ ಯಾರೋ ಹೇಳಿಯೇ ಹೇಳುತ್ತೀರಿ, ದಯವಿಟ್ಟು ಬೇಡ.

ನನಗೆ ಆಸೆ ಇರುವುದು ‘ಹೊಡೆ’ ಮೇಲೆ. ಹೊರಬರುವ ಮುಂಚೆ ಗರಿಯೊಳಗೇ ಇರುವ ತೆನೆ. ದೂರದಿಂದ ಬರೀ ಹಸಿರು. ಗದ್ದೆಯಲ್ಲಿ ಓಡಾಡಿದವರು ದಂಟು ಮುಟ್ಟಿ ಹೇಳುತ್ತಾರೆ. ಹೇಗೂ ಅದು ಹೊಲದ ಹೆಸರಿನ ವ್ಯವಸ್ಥೆ. ಆದರೆ ‘ಹೊಡೆ ಆಟಗಾರ’ ಅಂದರೆ ಚೆಂಡು ಹೊಡೆಯುವವನು ಅಂತ ಓದಿಕೊಳ್ಳುವ ಭಯ. ಪಿಚರ್‌ಗೆ ಹಾಗನ್ನುವುದು ಹೇಗೆ? ‘ಹೊಡೆಗಟ್ಟಿದ’ ಅಂದರೆ ಈ ಗೊಂದಲ ತಪ್ಪುತ್ತದಾ? ನಿಮ್ಮ ಕಡೆ ಭತ್ತಕ್ಕೆ, ಜೋಳಕ್ಕೆ, ರಾಗಿಗೆ ಈ ಹಂತದಲ್ಲಿ ಯಾವ ಕ್ರಿಯಾಪದ ಬಳಸುತ್ತೀರಿ? ಊರಿನ ಹೆಸರನ್ನೂ ಸೇರಿಸಿ ತಿಳಿಸಿ.