ಸ್ಪೀಡ್ ಚೆನ್ನಾಗಿದ್ದರೂ ಡಾಕ್ಟರ್ ವಿಡಿಯೊ ಕಾಲ್ ಕಡಿದುಹೋಗುತ್ತೆ, ಯಾಕೆ?

ಪ್ರಶ್ನೆ: ಹಳ್ಳಿ ಆರೋಗ್ಯ ಕೇಂದ್ರದಲ್ಲಿ ಸ್ಪೀಡ್ ಟೆಸ್ಟ್ 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್) ತೋರಿಸುತ್ತೆ. ಆದರೂ ಆ ಕಡೆ ತಜ್ಞರಿಗೆ ರೋಗಿಯ ಮುಖ ಕಾಣಲ್ಲ, ಮಾತೂ ತುಂಡು ತುಂಡು. ಏನು ಮಾಡಬೇಕು?

ಉತ್ತರ 1: ಆ 20 ಡೌನ್‌ಲೋಡ್ ಇರಬೇಕು. ರೋಗಿಯ ಚಿತ್ರ ಹೋಗೋದು ಅಪ್‌ಲೋಡ್‌ನಲ್ಲಿ. ಅದು ಏರಿಳಿತವಿಲ್ಲದೆ 2 ಎಂಬಿಪಿಎಸ್ ಸಿಗಲಿ. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ ನೋಡಿ.

ಉತ್ತರ 2: ಕಾಲ್ ನಡೆಯುವಾಗ ಫೋಟೊ ಬ್ಯಾಕಪ್ ನಿಲ್ಲಿಸಿ. 20 ಎಂಬಿ (ಅಂದರೆ 160 ಮೆಗಾಬಿಟ್) ಎಕ್ಸ್‌-ರೇ 1 ಎಂಬಿಪಿಎಸ್‌ನಲ್ಲಿ ಹೋಗಲು ಸುಮಾರು ಮೂರು ನಿಮಿಷ ಬೇಕು, ಅಷ್ಟು ಹೊತ್ತೂ ವಿಡಿಯೊ ಒದ್ದಾಡುತ್ತೆ. ಮೊದಲೇ ಕಳಿಸಿಡಿ. ಚರ್ಮದ ಗಾಯಕ್ಕಂತೂ ವಿಡಿಯೊಗಿಂತ, ಪಕ್ಕದಲ್ಲಿ ಸ್ಕೇಲ್ ಇಟ್ಟು ಹಗಲು ಬೆಳಕಲ್ಲಿ ತೆಗೆದ ಫೋಟೊನೇ ವಾಸಿ.

ಉತ್ತರ 3: ರೂಟರ್‌ಗೆ ಯುಪಿಎಸ್ ಕೊಡಿ. ಲೈನ್ ಕೈಕೊಟ್ಟರೆ ಫೋನಲ್ಲೇ ಮುಂದುವರಿಸಿ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ಮಾತ್ರ ಕಾಲ್‌ಗೆ ಕಾಯಲೇಬೇಡಿ, ಆಂಬುಲೆನ್ಸ್ ಕರೆಸಿ.