ಕನ್ನಡಕ ಇದ್ದರೆ ರೈಲ್ವೆ ಕೆಲಸ ಇಲ್ಲವಂತೆ!

ಗೀತತ್ತೆ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ! ಕನ್ನಡಕ ಹಾಕುವವರಿಗೆ ಇನ್ನು ರೈಲ್ವೆಯಲ್ಲಿ ಯಾವ ಕೆಲಸವೂ ಇಲ್ಲ. ಲೇಸರ್ ಮಾಡಿಸಿದರೂ ಇಲ್ಲ. ಹತ್ತು ಜನರಿಗೆ ಕಳುಹಿಸಿ, ಮಕ್ಕಳ ಭವಿಷ್ಯ ಉಳಿಸಿ 🙏

ಗೀತತ್ತೆ: ಚೇತು, ನೋಡಪ್ಪ. ರೈಲ್ವೆ ಪರೀಕ್ಷೆಗೆ ಓದುತ್ತಾ ಕನ್ನಡಕ ಹಾಕಿಕೊಂಡಿದ್ದೀಯಲ್ಲ, ನಾನು ಆಗಲೇ ಹೇಳಿದ್ದೆ.

ದೊಡ್ಡಪ್ಪ: ಮಧ್ಯರಾತ್ರಿವರೆಗೆ ಮೊಬೈಲ್ ನೋಡಿದರೆ ಕಣ್ಣು ಉಳಿಯುತ್ತಾ? ನಾವು ಸೀಮೆಎಣ್ಣೆ ಬುಡ್ಡಿಯಲ್ಲಿ ಓದಿದವರು. ಐವತ್ತು ದಾಟುವವರೆಗೆ ನನಗೆ ಕನ್ನಡಕ ಬಂದಿರಲಿಲ್ಲ.

ಪ್ರಕಾಶ: ಇದು ಎಲ್ಲಿಂದ ಬಂತು ಅತ್ತೆ? ಆರ್‌ಆರ್‌ಬಿ (ರೈಲ್ವೆ ನೇಮಕಾತಿ ಮಂಡಳಿ) ನೋಟಿಫಿಕೇಶನ್ ನಂಬರ್ ಇದೆಯಾ?

ಗೀತತ್ತೆ: ಯೋಗ ಕ್ಲಾಸ್ ಗುಂಪಿನಲ್ಲಿ ಬಂತು. ಒಳ್ಳೆ ಮನೆತನದವರು, ಸುಳ್ಳು ಯಾಕೆ ಹಾಕುತ್ತಾರೆ?

ಪ್ರಕಾಶ: ಅಂದರೆ ಇಲ್ಲ. ಪ್ರತಿ ಹುದ್ದೆಗೂ ಒಂದು ಮೆಡಿಕಲ್ ಕ್ಯಾಟಗರಿ ಇರುತ್ತದೆ ಅತ್ತೆ. ಸಹಾಯಕ ಎಂಜಿನ್ ಚಾಲಕ, ಅಂದರೆ ಅಸಿಸ್ಟೆಂಟ್ ಲೋಕೋ ಪೈಲಟ್‌ಗೆ ಎ-1, ಕನ್ನಡಕ ಇಲ್ಲದೆ ಎರಡೂ ಕಣ್ಣು 6/6 ಇರಬೇಕು (ಪೂರ್ತಿ ದೃಷ್ಟಿ; ಕೆಳಗಿನ ಅಂಕಿ ಹೆಚ್ಚಾದಷ್ಟೂ ದೃಷ್ಟಿ ಕಡಿಮೆ), ಬಣ್ಣ ಸರಿಯಾಗಿ ಗುರುತಿಸಬೇಕು, ಲೇಸರ್ ಮಾಡಿಸಿಕೊಂಡಿದ್ದರೆ ತೆಗೆದುಕೊಳ್ಳುವುದಿಲ್ಲ, ಅದೊಂದು ನಿಜ. ಸ್ಟೇಷನ್ ಮಾಸ್ಟರ್‌ಗೆ ಎ-2, ಅಲ್ಲೂ ಕನ್ನಡಕ ಇಲ್ಲದೆ 6/9. ಹಳಿ ನೋಡಿಕೊಳ್ಳುವ ಟ್ರ್ಯಾಕ್ ಮೇಂಟೇನರ್ ಬಿ-1, ಪವರ್ ನಾಲ್ಕು ದಾಟದಿದ್ದರೆ ಕನ್ನಡಕ ನಡೆಯುತ್ತದೆ. ಕ್ಲರ್ಕ್ ಕಮ್ ಟೈಪಿಸ್ಟ್ ಸಿ-2, ಸೋಡಾಬುಡ್ಡಿ ಹಾಕಿಕೊಂಡು ಒಂದೇ ಕಣ್ಣಲ್ಲಿ 6/12 ಬಂದರೂ ಸಾಕು.

ದೊಡ್ಡಪ್ಪ: ಇಷ್ಟುದ್ದ ಯಾರು ಓದುತ್ತಾರೆ? ಹಿರಿಯರು ಕಾಳಜಿಯಿಂದ ಏನೋ ಹಾಕಿದರೆ ಕೋರ್ಟಿನಲ್ಲಿ ನಿಲ್ಲಿಸಿದ ಹಾಗೆ ಪ್ರಶ್ನೆ ಕೇಳಬಾರದು.

ಪ್ರಕಾಶ: ಹೋದ ವರ್ಷ ಗ್ಯಾಸ್ ಸಬ್ಸಿಡಿ ಲಿಂಕ್ ಒತ್ತಿ ದುಡ್ಡು ಕಳೆದುಕೊಂಡಿದ್ದು ಯಾರು ದೊಡ್ಡಪ್ಪ?

ದೊಡ್ಡಪ್ಪ: ಅದು ಬೇರೆ ವಿಷಯ.

ರಮೇಶ ಚಿಕ್ಕಪ್ಪ: ನಮ್ಮ ಎದುರು ಮನೆ ಲೋಕೋ ಪೈಲಟ್ ಕನ್ನಡಕ ಹಾಕುತ್ತಾರಲ್ಲೋ?

ಪ್ರಕಾಶ: ಸೇರುವಾಗ ಇರಬಾರದು ಚಿಕ್ಕಪ್ಪ. ಆಮೇಲೆ ಬಂದರೆ ನಡೆಯುತ್ತದೆ, ಡ್ಯೂಟಿಯಲ್ಲಿ ಎರಡು ಕನ್ನಡಕ ಇಟ್ಟುಕೊಂಡಿರಬೇಕು ಅಷ್ಟೇ.

ರಮೇಶ ಚಿಕ್ಕಪ್ಪ: ಅಪ್ಪ ನೆನಪಾದರು. ನಿಲ್ಲದೆ ಹೋಗುವ ಗಾಡಿ ಬಂದರೆ ಪ್ಲಾಟ್‌ಫಾರ್ಮ್ ತುದಿಯಲ್ಲಿ ಟೋಕನ್ ರಿಂಗ್ ಎತ್ತಿ ಹಿಡಿಯೋರು, ಎಂಜಿನ್‌ನವರು ಅದರೊಳಗೆ ತೋಳು ತೂರಿಸಿ ಎಳೆದುಕೊಂಡು, ಹಿಂದಿನ ಸ್ಟೇಷನ್ನಿನ ರಿಂಗನ್ನು ಕೆಳಗೆ ಎಸೆದು ಹೋಗೋರು. ಉರುಳಿ ಬೇಲಿಗೆ ಬಿದ್ದದ್ದನ್ನು ತಂದುಕೊಡೋದು ನನ್ನ ಕೆಲಸ. ಅದರ ಚೀಲದೊಳಗೆ ಒಂದು ಗುಂಡು, ಅದೇ ಮುಂದಿನ ಸ್ಟೇಷನ್ನಿಗೆ ಹೋಗಲು ಅನುಮತಿ, ಅದು ಕೈಗೆ ಸಿಗದೆ ಗಾಡಿ ಮುಂದೆ ಹೋಗುವ ಹಾಗೇ ಇಲ್ಲ!

ಗೀತತ್ತೆ: ನಿನಗೇನಪ್ಪ, ಅಪ್ಪನ ಪಾಸಿನಲ್ಲಿ ಕಾಶಿಗೂ ಹೋಗಿ ಬಂದೆ. ಮದುವೆಯಾದ ಮಗಳ ಹೆಸರು ಪಾಸಿನಲ್ಲಿ ಬರಲ್ಲ ಅಂತ ನನ್ನನ್ನು ಬಿಟ್ಟು ಹೋದಿರಿ. ಒಂದು ಟಿಕೆಟ್ ತೆಗೆಸಬಹುದಿತ್ತು ಅಲ್ವಾ?

ದೊಡ್ಡಪ್ಪ: ಚೇತು, ಶ್ರದ್ಧೆ ಇದ್ದರೆ ಯಾವ ಕ್ಯಾಟಗರಿಯೂ ಅಡ್ಡ ಬರಲ್ಲ. ನಿಮ್ಮ ಅಜ್ಜ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ಸೇರಿ ಪ್ರಮೋಷನ್ ಮೇಲೆ ಆಫೀಸಿಗೆ ಹೋದರು.

ಪ್ರಕಾಶ: ಪ್ರಮೋಷನ್ ಅಲ್ಲ ದೊಡ್ಡಪ್ಪ. ಮೆಡಿಕಲ್‌ನಲ್ಲಿ ಅನ್‌ಫಿಟ್ ಆದರು, ಅಜ್ಜಿನೇ ನನಗೆ ಹೇಳಿದ್ದು. ಎ ಕ್ಯಾಟಗರಿಯವರಿಗೆ 45 ವರ್ಷದವರೆಗೆ ನಾಲ್ಕು ವರ್ಷಕ್ಕೊಮ್ಮೆ, 55ರವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮೆಡಿಕಲ್ ಇರುತ್ತದೆ.

ದೊಡ್ಡಪ್ಪ: ತೀರಿಹೋದವರ ಬಗ್ಗೆ ಗುಂಪಿನಲ್ಲಿ ಹೀಗೆ ಬರೆಯೋದು ಸಂಸ್ಕಾರ ಅಲ್ಲ.

ಪ್ರಕಾಶ: ಕಣ್ಣು ಮಂಜಾದರೆ ಅವಮಾನ ಏನಿದೆ? ಈಗಂತೂ ಸೇವೆಯಲ್ಲಿದ್ದಾಗ ವೈಕಲ್ಯ ಬಂದರೆ ಸರ್ಕಾರಿ ಕೆಲಸದಿಂದ ತೆಗೆಯುವ ಹಾಗಿಲ್ಲ, ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು ಅಂತ 2016ರ ಕಾಯ್ದೆಯೇ ಇದೆ.

ದೊಡ್ಡಪ್ಪ: ನಿನ್ನಪ್ಪನೂ ಹೀಗೇ. ಎಲ್ಲದಕ್ಕೂ ಕಾಯ್ದೆ.

ಚೇತು: ಅತ್ತೆ, ನನಗೆ ಪವರ್ ಇಲ್ಲ. ಅದು ಬ್ಲೂ ಕಟ್ ಕನ್ನಡಕ, ಕಂಪ್ಯೂಟರ್ ಮುಂದೆ ಕೂರುವಾಗ ಮಾತ್ರ. ಡಾಕ್ಟರಿಗೆ ತೋರಿಸಿದ್ದೇನೆ, ಎರಡೂ ಕಣ್ಣು 6/6. ನನ್ನ ಭಯ ಇರೋದು ಆಪ್ಟಿಟ್ಯೂಡ್ ಟೆಸ್ಟ್ ಬಗ್ಗೆ. ಪ್ರತಿ ಟೆಸ್ಟ್‌ನಲ್ಲೂ ಟಿ-ಸ್ಕೋರ್ (ಉಳಿದವರ ಜೊತೆ ಹೋಲಿಸಿ ಲೆಕ್ಕ ಹಾಕುವ ಅಂಕ) 42 ಬರಬೇಕು, ಒಂದರಲ್ಲಿ ಕಡಿಮೆಯಾದರೂ ಔಟ್. ಯಾರಿಗಾದರೂ ಗೊತ್ತಿರುವವರು ಇದ್ದರೆ ಹೇಳಿ.

ದೊಡ್ಡಪ್ಪ: ಪವರ್ ಇಲ್ಲದ ಕನ್ನಡಕಕ್ಕೆ ಸುಮ್ನೆ ದುಡ್ಡು ದಂಡ. ಯಾರು ಕೊಡಿಸಿದ್ದು?

ಚೇತು: ಪ್ರಕಾಶಣ್ಣ.

ರಮೇಶ ಚಿಕ್ಕಪ್ಪ: 😂😂

ಗೀತತ್ತೆ: ಕಾಶಿ ವಿಷಯಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.