ಗೆಣ್ಣು: ಗಂಟೇ, ಗಂಟುಗಳ ನಡುವಿನ ತುಂಡೇ?

ನಮ್ಮ ಭಾಲ್ಕಿ ಕಡೆಯ ಕಬ್ಬಿನ ಹೊಲಗಳಲ್ಲಿ ‘ಗೆಣ್ಣು’ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತದೆ. ನಾಟಿಯ ಬೀಜ ಕಡಿಯುವಾಗ ‘ಗೆಣ್ಣಿಗೆ ಕತ್ತಿ ತಾಗಿಸಬೇಡ’ ಎಂದರೆ ಅದು ಮೊಳಕೆಯ ಕಣ್ಣು ಇರುವ ಗಂಟು. ಮಕ್ಕಳು ‘ಒಂದು ಗೆಣ್ಣು ಕೊಡು’ ಎಂದು ಕೈಚಾಚಿದರೆ ಎರಡು ಗಂಟುಗಳ ನಡುವಿನ ರಸದ ತುಂಡು. ಮೂಲದಲ್ಲಿ ಇದು ಯಾವುದರ ಹೆಸರು?

ಗಂಟಿನದೇ ಎಂದು ನನ್ನ ಎಣಿಕೆ. ತಮಿಳಿನ ‘ಕಣು’, ತೆಲುಗಿನ ‘ಕಣುಪು’ ಎರಡೂ ಕಬ್ಬು, ಬಿದಿರುಗಳ ಗಂಟನ್ನು ಹೇಳುತ್ತವೆ. ತಮಿಳಿನ ಮೊದಲ ಕಕಾರಕ್ಕೆ ನಮ್ಮಲ್ಲಿ ಗಕಾರ ಬರುವುದು ಹೊಸದಲ್ಲ, ‘ಕುಱಿ’–‘ಗುರಿ’ ನೋಡಿ. ‘ಗಣಿಕೆ’, ‘ಗಿಣ್ಣು’ ಇದೇ ಬಳಗದವು. ಈದ ಹಸುವಿನ ಹಾಲಿನಿಂದ ಮಾಡುವ ಗಿಣ್ಣು ಬೇರೆಯೇ ಪದ. ಮೊಳಕೆಯ ‘ಕಣ್ಣು’ ಗೆಣ್ಣಿನ ಮೇಲೆಯೇ ಇರುವುದರಿಂದ ಎರಡನ್ನೂ ಒಂದೇ ಪದವೆನ್ನುವವರಿದ್ದಾರೆ. ಬೆರಳಿನ ಗೆಣ್ಣಿಗೆ ಯಾವ ಕಣ್ಣಿದೆ? ನಾನು ಒಪ್ಪಲಾರೆ.

ಅರ್ಥ ಗಂಟಿನಿಂದ ತುಂಡಿಗೆ ಜಾರಿದ್ದಕ್ಕೆ ಪಕ್ಕದಲ್ಲೇ ಜೋಡಿಯೊಂದಿದೆ. ಮರಾಠಿಯ ‘ಪೇರ್’ ಕಬ್ಬಿನ ಗಂಟಿಗೂ ನಡುವಿನ ತುಂಡಿಗೂ ಸಲ್ಲುತ್ತದೆ. ಅದರ ಮೂಲ ಸಂಸ್ಕೃತದ ‘ಪರ್ವ’. ಪರ್ವವೆಂದರೆ ಬಿದಿರು, ಜೊಂಡುಗಳ ಗಂಟು. ಪಕ್ಷ ಬದಲಾಗುವ ಹುಣ್ಣಿಮೆ, ಅಮಾವಾಸ್ಯೆಗಳೂ ಪರ್ವಗಳೇ. ಮಹಾಭಾರತದ 18 ಪರ್ವಗಳಿಗೆ ಬರುವಷ್ಟರಲ್ಲಿ ಅದೇ ಪದ ಇಡೀ ಭಾಗದ ಹೆಸರಾಗಿದೆ.

ಬೆರಳಿನ ಗೆಣ್ಣನ್ನೂ ‘ಕೀಲು’ ಎಂದೇ ಬರೆಯುವುದು ನನಗೆ ಹಿಡಿಸುವುದಿಲ್ಲ. ಕೀಲವೆಂದರೆ ಗೂಟ, ಮೊಳೆ. ಬೇರೆ ಬೇರೆಯಾದ ಎರಡನ್ನು ಹಿಡಿದು ನಿಲ್ಲಿಸುವಂಥದ್ದು. ಬಾಗಿಲಿಗೆ, ಬಂಡಿಗೆ ಅದು ಸರಿ. ಶಹಾಬಾದ್ ಕಲ್ಲು ಹಾಸಿದ ನೆಲದಲ್ಲಿ ಸಿಮೆಂಟು ತುಂಬುವ ಎಡೆ ‘ಸಂದು’. ಒಂದೇ ಒಡಲಾಗಿ ಬೆಳೆದದ್ದು ತನ್ನೊಳಗೇ ಕೂಡುವ ಜಾಗಕ್ಕೆ ‘ಗೆಣ್ಣು’ ಎಂಬ ಸ್ವಂತ ಪದವಿದೆ. ನಾಲ್ಕು ಬೆರಳುಗಳ 12 ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿ ಜಪ ಎಣಿಸುವವರು ಅದನ್ನು ಇನ್ನೂ ಉಳಿಸಿಕೊಂಡಿದ್ದಾರೆ.

ಔರಾದ್, ಹುಮನಾಬಾದ್, ಬಸವಕಲ್ಯಾಣದ ಕಡೆಯವರಲ್ಲಿ ಒಂದು ಕೇಳಿಕೆ. ಎರಡು ಗಂಟುಗಳ ನಡುವಿನ ತುಂಡಿಗೆ ನಿಮ್ಮ ಹೊಲಗಳಲ್ಲಿ ಬೇರೆ ಕನ್ನಡ ಮಾತು ಇದೆಯೇ? ಜೋಳದ ದಂಟಿಗೂ ಅದೇ ಮಾತನ್ನು ಬಳಸುತ್ತೀರಾ? ಇದ್ದರೆ ಬಳಸುವ ವಾಕ್ಯದ ಸಮೇತ ತಿಳಿಸಿ.